ಎಡಹುರಿಯ ನೂಲು

“ಗುರುಗಳೇ, ಹಲವರ ಒಳಿತಿಗಾಗಿ ಒಬ್ಬರ ರೋಗದ ಗುಟ್ಟನ್ನು ಹೊರಗೆ ಹಾಕಬಹುದೇ?”

ಅಡವೆಪ್ಪ ಇದನ್ನು ಕೇಳಿದ್ದು ಬೆಳಗಿನ ಪಾಠ ಮುಗಿದು ಉಳಿದವರು ಎದ್ದುಹೋದ ಮೇಲೆ. ಅವನು ಐದು ವರ್ಷ ಗುರುಗಳ ಬಳಿ ವೈದ್ಯ ಕಲಿತಿದ್ದ. ಮರುದಿನ ತನ್ನ ಊರಿಗೆ ಹೊರಡುವವನಿದ್ದ. ಊರಿನಲ್ಲಿ ಅವನ ಸೋದರಮಾವ ತೀರಿಕೊಂಡಿದ್ದ. ಆ ಮಾವ ಮೂವತ್ತು ವರ್ಷ ಬರೆದಿಟ್ಟ ರೋಗಿಗಳ ಓಲೆಗಳು ಈಗ ಅಡವೆಪ್ಪನ ಪಾಲಿಗೆ ಬಂದಿದ್ದವು. ರಾಜಧಾನಿಯ ವೈದ್ಯರು ರೋಗಗಳ ಮೇಲೆ ಒಂದು ದೊಡ್ಡ ಗ್ರಂಥ ಮಾಡುತ್ತಿದ್ದರು. ಆ ಓಲೆಗಳನ್ನು ಕಳಿಸಿಕೊಡಬೇಕೆಂದು ಅವರ ಪತ್ರ ಬಂದಿತ್ತು.

“ಕಳಿಸಿದರೆ ಮುಂದೆ ಸಾವಿರ ಜನ ಬದುಕಬಹುದು. ಆದರೆ ಹೇಳಿಕೊಂಡವರು ಮಾವನೊಬ್ಬನನ್ನು ನಂಬಿ ಹೇಳಿಕೊಂಡರು. ಹೆಸರುಗಳನ್ನು ತೆಗೆದು ಕಳಿಸಿದರೆ ಎರಡೂ ಉಳಿಯುತ್ತವೆ ಎಂದು ನನ್ನ ಯೋಚನೆ.”

ಗುರುಗಳು “ಕೂತುಕೋ” ಎಂದರು. ಅವನು ಕೂತ ಮೇಲೆ ಈ ಕತೆ ಹೇಳಿದರು.

ಒಂದು ನೇಕಾರರ ಪೇಟೆ. ಅಲ್ಲಿ ಒಬ್ಬ ವೈದ್ಯ. ಬೇರೆ ಸೀಮೆಯಿಂದ ಬಂದು ನೆಲೆಸಿ ಹತ್ತು ವರ್ಷವಾಗಿತ್ತು. ಆ ದಿನ ಅವನು ಎಂದಿನಂತೆ ಎದ್ದು ಅಳಲೆಕಾಯಿ ಕುಟ್ಟಿದ. ಕೆಮ್ಮಿನವರು ಇಬ್ಬರು ಬಂದು ಹೋದರು. ಒಬ್ಬ ಮುದುಕ ಮೊಣಕಾಲು ತೋರಿಸಲು ಬಂದು, ಮೊಣಕಾಲನ್ನು ಮರೆತು, ತಮ್ಮನ ಮೇಲಿನ ದೂರು ಹೇಳಿ ಹೋದ. ಬಿಸಿಲೇರುವ ಹೊತ್ತಿಗೆ ಕೆಳಬೀದಿಯಿಂದ ಒಬ್ಬ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಬಂದ. ಬೆಳಗಿನಿಂದ ವಾಂತಿಭೇದಿ ಎಂದ. ಮಗುವಿನ ಕಣ್ಣುಗಳು ಒಳಗೆ ಹೋಗಿದ್ದವು. ಸಂಜೆಗೆ ಅದು ಹೋಯಿತು. ಮರುದಿನ ಅದೇ ಬೀದಿಯಿಂದ ಮೂವರು ಬಂದರು. ಅದರ ಮರುದಿನ ಒಂಬತ್ತು ಜನ.

ಆ ವೈದ್ಯನದೊಂದು ಪದ್ಧತಿ ಇತ್ತು. ಬಂದ ಪ್ರತಿಯೊಬ್ಬ ರೋಗಿಗೂ ಒಂದು ಓಲೆಗರಿ. ತುದಿಯಲ್ಲಿ ಹೆಸರು, ಆಮೇಲೆ ಬೀದಿ, ಆಮೇಲೆ ರೋಗ, ಹಿಂದಿನ ದಿನ ತಿಂದದ್ದು, ಕುಡಿದದ್ದು, ಕೊಟ್ಟ ಮದ್ದು. ಅದೇ ರೋಗಿ ಎರಡು ವರ್ಷ ಬಿಟ್ಟು ಬಂದರೂ ಅದೇ ಓಲೆಯಲ್ಲಿ, ಹಳೆಯ ಸಾಲಿನ ಕೆಳಗೆ ಹೊಸ ಸಾಲು. ಬರೆದದ್ದನ್ನು ಕೆರೆಯುವುದಿಲ್ಲ ಎಂದು ಅವನು ತನ್ನ ಗುರುವಿಗೆ ಮಾತು ಕೊಟ್ಟಿದ್ದ. ಬರೆದಾದ ಮೇಲೆ ಓಲೆಯನ್ನು ಸುರುಳಿ ಸುತ್ತಿ ನೂಲಿನಿಂದ ಕಟ್ಟಬೇಕು. ಆ ನೂಲನ್ನು ರೋಗಿಯೇ ಮನೆಯಿಂದ ತರಬೇಕು. ನೇಕಾರರ ಪೇಟೆಯಲ್ಲಿ ನೂಲಿಗೆ ಬರವೇ? ಗಂಟನ್ನೂ ರೋಗಿಯೇ ಹಾಕಬೇಕು.

“ಇದು ನೀನು ಹಾಕಿದ ಗಂಟು. ನೀನು, ನಾನು. ಮೂರನೆಯವರು ಬಿಚ್ಚುವಂತಿಲ್ಲ” ಎಂದು ವೈದ್ಯ ಪ್ರತಿಯೊಬ್ಬರಿಗೂ ಹೇಳುತ್ತಿದ್ದ. ಹತ್ತು ವರ್ಷದಲ್ಲಿ ಯಾವ ಗಂಟೂ ಬಿಚ್ಚಿರಲಿಲ್ಲ. ಅದಕ್ಕೇ ಜನ ಹೆಂಡತಿಗೆ ಹೇಳದ್ದನ್ನು, ತಾಯಿಗೆ ಹೇಳದ್ದನ್ನು ಅವನಿಗೆ ಹೇಳುತ್ತಿದ್ದರು.

ಮೇಲುಬೀದಿಯಲ್ಲಿ ಒಬ್ಬ ನೇಯುವ ಹೆಂಗಸಿದ್ದಳು. ಅವಳು ನೇಯುತ್ತಿದ್ದುದು ಧಾರೆ ಸೀರೆ ಮಾತ್ರ. ಸುತ್ತಲ ಹಳ್ಳಿಗಳಲ್ಲಿ ಮದುವೆ ಗೊತ್ತಾದರೆ ಮೊದಲ ವೀಳ್ಯ ಮನೆದೇವರಿಗೆ, ಎರಡನೆಯದು ಅವಳಿಗೆ ಎನ್ನುವ ಮಾತಿತ್ತು. ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ. ಇಬ್ಬರ ಅನ್ನವೂ ಆ ಒಂದು ಮಗ್ಗದ್ದು.

ನಾಲ್ಕು ವರ್ಷದ ಹಿಂದೆ ಅವಳು ವೈದ್ಯನ ಬಳಿ ಬಂದು, ಬಾಗಿಲು ಮುಂದೆ ಮಾಡಿ, ಬೆನ್ನು ತೋರಿಸಿದ್ದಳು. ಅಂಗೈ ಅಗಲದ ಬಿಳಿಚಿದ ಮಚ್ಚೆ. ವೈದ್ಯ ಮುಳ್ಳಿನ ಮೊನೆ ತಾಗಿಸಿದ. ಅವಳಿಗೆ ಗೊತ್ತಾಗಲಿಲ್ಲ.

“ವೈದ್ಯಪ್ಪ, ಇದು ದೊಡ್ಡರೋಗವೇ?”

“ಕುಷ್ಠದ ಆರಂಭ. ವಾಸಿಯಾಗುತ್ತದೆ, ತಾಯಿ.”

“ಬೆನ್ನು ವಾಸಿಯಾದೀತು. ಊರಿನ ಬಾಯಿಗೆ ಯಾವ ಎಣ್ಣೆ ಹಚ್ಚುತ್ತೀರಿ? ಈ ಕೈ ನೇಯ್ದ ಸೀರೆ ಉಟ್ಟು ಯಾವ ಹೆಣ್ಣು ಹಸೆಮಣೆಗೆ ಬರುತ್ತಾಳೆ?”

ವೈದ್ಯ ಓಲೆಯನ್ನು ಸುತ್ತಿ ಅವಳ ಮುಂದೆ ಹಿಡಿದ. “ಗಂಟನ್ನು ಬಿಗಿಯಾಗಿ ಹಾಕು” ಎಂದ. ಅವಳು ಹಾಕಿದಳು. ಎರಡು ವರ್ಷ ಎಣ್ಣೆ ಹಚ್ಚಿ ಕಷಾಯ ಕುಡಿದಳು. ಮಚ್ಚೆ ಹೋಯಿತು. ಯಾರಿಗೂ ತಿಳಿಯಲಿಲ್ಲ.

ಈಗ ಕೆಳಬೀದಿಯಲ್ಲಿ ದಿನವೂ ಸಾವು. ಪೇಟೆಯವರು ಆ ಬೀದಿಗೆ ಏನೋ ತಗುಲಿದೆ ಎಂದರು. ಒಬ್ಬ ಗಾಳಿ ಎಂದ, ಒಬ್ಬ ಶಾಪ ಎಂದ. ಇಬ್ಬರೂ ಕೂಡಿ, ಬೀದಿಯ ಬಾಯಿಗೆ ಮುಳ್ಳುಬೇಲಿ ಹಾಕಬೇಕು, ಒಳಗಿನವರು ಹೊರಗೆ ಬರಕೂಡದು ಎಂದು ಒಪ್ಪಿಕೊಂಡರು. ಬೀದಿಯಲ್ಲಿ ಇನ್ನೂರು ಜನರಿದ್ದರು. ಕುಡಿಯುವುದಕ್ಕೆ ಒಂದು ಹಳೆಯ ಬಾವಿ ಇತ್ತು.

ಐದನೆಯ ದಿನ ಮೇಲುಬೀದಿಯ ಆ ಹೆಂಗಸು ಮುಸುಕು ಹಾಕಿಕೊಂಡು ವೈದ್ಯನ ಬಳಿ ಬಂದಳು. ಅವಳಿಗೂ ವಾಂತಿಭೇದಿ. ಹಿಂದಿನ ದಿನ ಏನು ತಿಂದೆ ಎಂದು ಕೇಳಿದ. ಹಿಂದಿನ ದಿನ ಉಪವಾಸ ಎಂದಳು. ಏನು ಕುಡಿದೆ ಎಂದು ಕೇಳಿದ.

“ಕೆಂಪು ನೂಲು ಜಾಲಿಸಲು ಕೆಳಬೀದಿಯ ಬಾವಿಗೆ ಹೋಗಿದ್ದೆ. ಆ ನೀರಿಗೆ ಬಣ್ಣ ಕಚ್ಚುತ್ತದೆ. ಬಿಸಿಲಿತ್ತು, ಎರಡು ಬೊಗಸೆ ಕುಡಿದೆ.”

ವೈದ್ಯ ಬರೆದುಕೊಂಡ. ಅವಳಿಗೆ ರೋಗ ಹಗುರವಾಗಿತ್ತು. ಎರಡು ದಿನಕ್ಕೆ ಎದ್ದು ಕೂತಳು. ಆದರೆ ವೈದ್ಯ ಆ ಓಲೆಯನ್ನು ಕೈಯಿಂದ ಕೆಳಗಿಡಲಿಲ್ಲ. ಉಳಿದವರೆಲ್ಲ ಕೆಳಬೀದಿಯವರು. ಅವರು ಆ ಬೀದಿಯ ನೀರು ಕುಡಿದರು, ಆ ಬೀದಿಯ ಗಾಳಿಯನ್ನೂ ಕುಡಿದರು. ಇವಳೊಬ್ಬಳು ಆ ಬೀದಿಯಲ್ಲಿ ಬಾಳದೆ ನೀರು ಮಾತ್ರ ಕುಡಿದವಳು.

ಅವನು ಕೆಳಬೀದಿಯ ಮನೆಮನೆಗೆ ಹೋಗಿ ಬಾವಿಗೆ ಕೊಡ ಇಳಿಸಬೇಡಿ ಎಂದು ಹೇಳಿದ. “ಮೇಲಿನ ಬಾವಿಯವರು ನಮ್ಮನ್ನು ಹತ್ತಿರ ಬಿಡುವುದಿಲ್ಲ. ಇದನ್ನೂ ಬಿಟ್ಟು ನಿಮ್ಮ ಕಷಾಯ ಕುಡಿದುಕೊಂಡು ಅಡುಗೆ ಮಾಡೋಣವೇ, ಸ್ವಾಮಿ?” ಎಂದು ಒಬ್ಬಾಕೆ ಕೇಳಿದಳು. ಅವಳ ಸೊಂಟದ ಮೇಲೆ ಕೊಡವಿತ್ತು.

ವೈದ್ಯ ಪೇಟೆಯ ಹಿರಿಯನ ಬಳಿ ಹೋದ. ಹಿರಿಯ ಪೂರ್ತಿ ಕೇಳಿಸಿಕೊಂಡ.

“ಆ ಬಾವಿ ತೋಡಿಸಿದವರು ನನ್ನ ತಾತ. ನೂರು ವರ್ಷ ಈ ಪೇಟೆ ಅದರ ನೀರು ಕುಡಿದಿದೆ. ನೀವು ಮೊನ್ನೆ ಬಂದವರು.”

“ಮೇಲುಬೀದಿಯವರೊಬ್ಬರು ಆ ನೀರು ಕುಡಿದು ಮಲಗಿದ್ದರು.”

“ಯಾರು?”

“ಹೆಸರು ಹೇಳಲಾರೆ.”

“ಚೆನ್ನಾಗಿದೆ. ಸಾಕ್ಷಿ ಇದೆ, ಸಾಕ್ಷಿಗೆ ಹೆಸರಿಲ್ಲ. ಬಾಯಿಮಾತಿಗೆ ಬಾವಿ ಮುಚ್ಚುವುದಿಲ್ಲ, ವೈದ್ಯರೇ. ನಿಮ್ಮ ಓಲೆಗಳನ್ನು ಚಾವಡಿಗೆ ತಂದು ಎಲ್ಲರ ಮುಂದೆ ಓದಿಸಿ. ಹೊಸದಾಗಿ ಬರೆದು ತರಬೇಡಿ; ಅದೂ ಬಾಯಿಮಾತೇ. ಸೋಮವಾರದ ತನಕ ಕಾಯುತ್ತೇನೆ. ಆಮೇಲೆ ಬೇಲಿ.”

ಅಂದು ಬುಧವಾರ. ವೈದ್ಯನಿಗೆ ದಾರಿ ಕಾಣಲಿಲ್ಲ. ಓಲೆ ಕೊಟ್ಟರೆ ಕೊಟ್ಟ ಮಾತು ಹೋಗುತ್ತದೆ, ಒಬ್ಬಳ ಮಗ್ಗ ನಿಲ್ಲುತ್ತದೆ. ಕೊಡದಿದ್ದರೆ ಇನ್ನೂರು ಜನ ಬೇಲಿಯೊಳಗೆ ಅದೇ ನೀರು ಕುಡಿಯುತ್ತಾರೆ. ಒಂದು ದಿನದ ದಾರಿಯಲ್ಲಿ ಧರ್ಮಶಾಸ್ತ್ರ ಬಲ್ಲ ಪಂಡಿತನೊಬ್ಬನಿದ್ದ. ವೈದ್ಯ ಗುರುವಾರ ಅಲ್ಲಿಗೆ ನಡೆದ.

ಪಂಡಿತ ಗ್ರಂಥ ತೆರೆಯಲೂ ಇಲ್ಲ. “ಕೊಟ್ಟ ಮಾತಿಗೆ ತಪ್ಪಿದ ವೈದ್ಯನ ಮದ್ದು ವಿಷ” ಎಂದ. ವೈದ್ಯ ಕೈಮುಗಿದು ಹೊರಟ. ಶುಕ್ರವಾರ ದಾರಿಯ ಛತ್ರದಲ್ಲಿ ಒಬ್ಬ ವರ್ತಕ ಜೊತೆಗೆ ಊಟಕ್ಕೆ ಕೂತ. ಅವನನ್ನೂ ಕೇಳಿದ. “ಮನೆಗೆ ಬೆಂಕಿ ಬಿದ್ದಾಗ ಯಾರ ಬಾವಿಯ ನೀರು ಎಂದು ಕೇಳುತ್ತಾರೆಯೇ? ಕೊಟ್ಟುಬಿಡಿ” ಎಂದು ವರ್ತಕ ಇನ್ನೊಂದು ಹಿಡಿ ಅನ್ನ ಹಾಕಿಸಿಕೊಂಡ. ವೈದ್ಯ ಪೇಟೆಗೆ ಹಿಂತಿರುಗಿದಾಗ ಕೆಳಬೀದಿಯಲ್ಲಿ ಮತ್ತೆ ನಾಲ್ವರು ಹೋಗಿದ್ದರು. ಅವರಲ್ಲಿ ಮೂವರು ಮಕ್ಕಳು.

ನಡೆದು ಬರುವಾಗಲೇ ಅವನಿಗೆ ಒಂದು ಉಪಾಯ ಹೊಳೆದಿತ್ತು. ಹೆಸರಿರುವುದು ಓಲೆಯ ತುದಿಯಲ್ಲಿ. ತುದಿಯನ್ನು ಕತ್ತರಿಸಿದರೆ ಓಲೆ ಹಳೆಯದೇ, ಬರಹ ಹಳೆಯದೇ. ಹೆಸರು ಮಾತ್ರ ಇಲ್ಲ. ಅವಳದೊಂದನ್ನೇ ಒಯ್ದರೆ ಯಾರದು ಎಂದು ಎಲ್ಲರೂ ಹುಡುಕುತ್ತಾರೆ. ಈ ಬೇನೆಯಲ್ಲಿ ಮಲಗಿದವರ ಎಂಬತ್ತನಾಲ್ಕು ಓಲೆಗಳನ್ನೂ ಒಯ್ದರೆ ಅವಳದು ಹೊಳೆಯಲ್ಲಿ ಬಿದ್ದ ಹನಿ.

ಶನಿವಾರ ಬೆಳಗಿನಿಂದ ಅದೇ ಕೆಲಸ ಮಾಡಿದ. ಒಂದೊಂದು ಗಂಟು ಬಿಚ್ಚಿದ, ತುದಿ ಕತ್ತರಿಸಿದ, ಕತ್ತರಿಸಿದ ಚೂರನ್ನು ಒಲೆಗೆ ಹಾಕಿದ, ಮತ್ತೆ ಅದೇ ನೂಲಿನಿಂದ ಕಟ್ಟಿದ. ಕೊನೆಗೆ ಎಂಬತ್ತನಾಲ್ಕನ್ನೂ ಮತ್ತೊಮ್ಮೆ ತಿರುವಿ ನೋಡಿದ. ಒಂದು ಹೆಸರಿನ ಒಂದು ಅಕ್ಷರವೂ ಉಳಿದಿರಲಿಲ್ಲ. ಅಂದು ಅವನು ಬಹಳ ದಿನಗಳ ಮೇಲೆ ಹೊಟ್ಟೆತುಂಬ ಉಂಡ.

ಭಾನುವಾರ ಚಾವಡಿಯಲ್ಲಿ ಸಭೆ ಸೇರಿತು. ಓದುಬಲ್ಲವನೊಬ್ಬ ನಡುವೆ ಕೂತು ಓಲೆಯನ್ನು ಬಿಚ್ಚಿ, ನೂಲನ್ನು ಪಕ್ಕದ ಮೊರಕ್ಕೆ ಹಾಕಿ, ಗಟ್ಟಿಯಾಗಿ ಓದತೊಡಗಿದ. ಕೆಳಬೀದಿ, ಗಂಡಸು, ಮೂವತ್ತು ವರ್ಷ, ಬಾವಿಯ ನೀರು. ಕೆಳಬೀದಿ, ಹೆಣ್ಣುಮಗು, ಬಾವಿಯ ನೀರು. ಕೆಳಬೀದಿ, ಬಾವಿಯ ನೀರು. ಹತ್ತು ಓಲೆಯಾಗುವಷ್ಟರಲ್ಲಿ ಕೇಳುವವರಿಗೆ ಬೇಸರ ಬಂತು. ನೇಯುವವರ ಕೈ ಸುಮ್ಮನೆ ಕೂರುವುದಿಲ್ಲ. ಮೊರದ ಸುತ್ತ ಕೂತಿದ್ದವರು ನೂಲೊಂದೊಂದನ್ನು ಎತ್ತಿ ಬೆರಳಿನಲ್ಲಿ ಹೊರಳಿಸಿ ನೋಡತೊಡಗಿದರು.

“ಈ ಗಂಜಿಯ ವಾಸನೆ ನೋಡು. ನಮ್ಮ ಬೀಗರ ಮನೆಯದೇ. ಜೋಳದ ಹಿಟ್ಟು ಹಾಕುತ್ತಾರೆ, ಜಿಪುಣರು.”

“ನಿನ್ನ ನೂಲಿನಲ್ಲಿ ಎಮ್ಮೆ ಕಟ್ಟಬಹುದು. ನೀನು ಇನ್ನೊಬ್ಬರ ಮಾತು ಆಡಬೇಡಪ್ಪ.”

ಕೆಲವರು ನಕ್ಕರು. ಹನ್ನೆರಡು ದಿನಗಳಲ್ಲಿ ಆ ಪೇಟೆ ನಕ್ಕದ್ದು ಅದೇ ಮೊದಲು. ನಗು ವೈದ್ಯನ ಕಿವಿಗೂ ಬಿತ್ತು. ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ಅವನು ಒಂದೇ ಓಲೆಗಾಗಿ ಕಾಯುತ್ತಿದ್ದ.

ಅದು ಅರವತ್ತೊಂದನೆಯದಾಗಿ ಬಂತು. ಓದುವವನು ಮೇಲಿನಿಂದ ಓದಿದ. ಮೇಲುಬೀದಿ. ಬೆನ್ನಿನ ಮೇಲೆ ಮಚ್ಚೆ, ಮುಳ್ಳು ತಾಗಿದರೆ ತಿಳಿಯದು. ದೊಡ್ಡರೋಗದ ಆರಂಭ. ಎರಡು ವರ್ಷ ಮದ್ದು. ವಾಸಿ. ಅದರ ಕೆಳಗೆ, ಈಗ ವಾಂತಿಭೇದಿ. ಹಿಂದಿನ ದಿನ ಉಪವಾಸ. ಕೆಳಬೀದಿಯ ಬಾವಿಯಲ್ಲಿ ಎರಡು ಬೊಗಸೆ ನೀರು.

“ಕೊನೆಯದನ್ನು ಮತ್ತೊಮ್ಮೆ ಓದು” ಎಂದ ಹಿರಿಯ. ಓದಿದ. ಹಿರಿಯ ಎದ್ದ.

“ಬಾವಿಯ ರಾಟೆ ಬಿಚ್ಚಿ. ನಾಳೆಯಲ್ಲ, ಈಗಲೇ. ಕೆಳಬೀದಿಯವರನ್ನು ಮೇಲಿನ ಬಾವಿಗೆ ಬಿಡಿ. ತಕರಾರು ಮಾಡುವವರನ್ನು ನನ್ನ ಬಳಿ ಕಳಿಸಿ.”

ಜನ ಎದ್ದು ಓಡಿದರು. ಮೊರದ ಬಳಿ ಕೂತಿದ್ದ ಒಬ್ಬ ಮುದುಕ ಏಳಲಿಲ್ಲ. ಅವನು ಅರವತ್ತು ವರ್ಷ ನೂಲು ಹುರಿ ಮಾಡಿದವನು. ಕಣ್ಣು ಮಂಜಾಗಿತ್ತು, ಬೆರಳು ಮಂಜಾಗಿರಲಿಲ್ಲ. ಅರವತ್ತೊಂದನೆಯ ಓಲೆಯ ನೂಲು ಅವನ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹೊರಳುತ್ತಿತ್ತು.

“ಎಡಹುರಿ” ಎಂದ.

ಅದರಲ್ಲಿ ಕೆಡುಕು ಇರಲಿಲ್ಲ. ಮೋಡ ನೋಡಿ ಮೋಡ ಎಂದಂತೆ ಎಂದ. ಆ ಪೇಟೆಯಲ್ಲಿ ಎಲ್ಲರೂ ನೂಲನ್ನು ಬಲಕ್ಕೆ ಹುರಿ ಮಾಡುತ್ತಿದ್ದರು. ಎಡಗೈಯಲ್ಲಿ ಹುರಿ ಮಾಡುವವಳು ಒಬ್ಬಳೇ. ಅವಳ ಸೀರೆಯ ಹೊಳಪು ಬೇರೆ ಎಂದು ಹಳ್ಳಿಯವರು ಹುಡುಕಿಕೊಂಡು ಬರುತ್ತಿದ್ದುದೂ ಅದಕ್ಕೇ. ಸುತ್ತ ಇದ್ದವರು ಮುದುಕನ ಕೈಯನ್ನು ನೋಡಿದರು. ಯಾರೂ ಹೆಸರು ಹೇಳಲಿಲ್ಲ. ಒಬ್ಬ ತನ್ನ ಬೆರಳುಗಳನ್ನು ಪಂಚೆಗೆ ಒರೆಸಿಕೊಂಡ.

ಆಗ ವೈದ್ಯನಿಗೆ ತಿಳಿಯಿತು. ಹತ್ತು ವರ್ಷ ಅವರ ನಡುವೆ ಇದ್ದೂ ಅವನು ಹೆಸರನ್ನು ಅಕ್ಷರದಲ್ಲಿ ಮಾತ್ರ ನೋಡಿದ್ದ. ಆ ಜನಕ್ಕೆ ಅಕ್ಷರ ಬರುತ್ತಿರಲಿಲ್ಲ. ಅವರು ಓದುತ್ತಿದ್ದುದು ನೂಲನ್ನು.

ಬೇಲಿ ಬರಲಿಲ್ಲ. ಬಾವಿ ಮುಚ್ಚಿದ ಮೇಲೆ ಇಬ್ಬರು ಹೋದರು. ಆಮೇಲೆ ಯಾರೂ ಹೋಗಲಿಲ್ಲ. ಪೇಟೆ ಸಭೆ ಸೇರಿ ವೈದ್ಯನಿಗೆ ಶಾಲು ಹೊದಿಸಿತು. ಹಿರಿಯನೇ ಹೊದಿಸಿದ. ಬೇಡ ಎನ್ನಲು ಕಾರಣ ಹೇಳಬೇಕಾಗುತ್ತಿತ್ತು, ವೈದ್ಯ ಹೊದಿಸಿಕೊಂಡ.

ಆ ತಿಂಗಳು ಒಂದು ಹಳ್ಳಿಯಿಂದ, ಮದುವೆ ಮುಂದಕ್ಕೆ ಹೋಗಿದೆ, ಸೀರೆ ಸದ್ಯಕ್ಕೆ ಬೇಡ ಎಂದು ಹೆಂಗಸಿಗೆ ಹೇಳಿಕಳಿಸಿದರು. ಮದುವೆ ಗೊತ್ತಾದ ದಿನವೇ ಆಯಿತು. ಇನ್ನೊಂದು ಮನೆಯವರು ಹೆಣ್ಣಿಗೆ ಕೆಂಪು ಒಗ್ಗುವುದಿಲ್ಲ ಎಂದರು. ಮೂರನೆಯವರು ಏನೂ ಹೇಳಿಕಳಿಸಲಿಲ್ಲ. ಯಾರೂ ಅವಳನ್ನು ಬೈಯಲಿಲ್ಲ, ಎದುರು ಸಿಕ್ಕರೆ ಮಾತಾಡಿಸದೆ ಹೋಗಲಿಲ್ಲ. ಸ್ವಲ್ಪ ದೂರ ನಿಂತು ಮಾತಾಡಿಸಿದರು. ಒಳಕೋಣೆಯಲ್ಲಿ ಮಲಗಿದ್ದ ತಾಯಿ, “ಲಾಳಿಯ ಸದ್ದೇ ಇಲ್ಲವಲ್ಲ, ಹಬ್ಬವೇನೇ ಇವತ್ತು?” ಎಂದು ಕೇಳಿದಳು.

ಒಂದು ಮಧ್ಯಾಹ್ನ ಆ ಹೆಂಗಸು ವೈದ್ಯನ ಜಗಲಿಗೆ ಬಂದಳು. ವೈದ್ಯ ಎದ್ದು ನಿಂತ. ಏನು ಹೇಳಬೇಕೆಂದು ಅವನು ಒಂದು ತಿಂಗಳಿನಿಂದ ಯೋಚಿಸುತ್ತಿದ್ದ. ಅವಳೇ ಮೊದಲು ಕೇಳಿದಳು.

“ನನ್ನ ಓಲೆ ಓದಿದ ಮೇಲೆಯೇ ಬಾವಿ ಮುಚ್ಚಿದ್ದೇ?”

“ಹೌದು, ತಾಯಿ.”

“ಮಕ್ಕಳು ಉಳಿದವೇ?”

“ಆಮೇಲೆ ಒಂದು ಮಗುವೂ ಹೋಗಲಿಲ್ಲ.”

“ಒಳ್ಳೆಯದಾಯಿತು” ಎಂದಳು. ಜಗಲಿ ಇಳಿದು ಹೊರಟುಹೋದಳು.

ಚೈತ್ರಕ್ಕೆ ಮುಂಚೆ ಅವಳು ತಾಯಿಯನ್ನು ಗಾಡಿಯಲ್ಲಿ ಮಲಗಿಸಿಕೊಂಡು ಪೇಟೆ ಬಿಟ್ಟಳು. ಮಗ್ಗದ ಮರಗಳನ್ನು ಬಿಚ್ಚಿ ಗಾಡಿಯಲ್ಲಿ ಹಾಕಿಕೊಂಡಿದ್ದಳು. ಯಾವ ಊರಿಗೆ ಹೋದಳೆಂದು ಯಾರೂ ಕೇಳಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಅಡವೆಪ್ಪ ಬುದ್ಧಿವಂತ, ತಪ್ಪು ಎಲ್ಲಿ ಆಯಿತೆಂದು ಹುಡುಕುತ್ತಿದ್ದ.

“ಆ ವೈದ್ಯನನ್ನು ನಾನು ಹಳಿಯಲಾರೆ” ಎಂದ. “ಪಂಡಿತನನ್ನು ಕೇಳಲು ಒಂದು ದಿನದ ದಾರಿ ನಡೆದ. ದಾರಿಯಲ್ಲಿ ಸಿಕ್ಕವನನ್ನೂ ಕೇಳಿದ. ಮನುಷ್ಯ ಮಾಡಬಹುದಾದದ್ದನ್ನೆಲ್ಲ ಮಾಡಿದ. ನೂಲೊಂದನ್ನು ಬದಲಿಸಿದ್ದರೆ ಸಾಕಿತ್ತು, ಗುರುಗಳೇ.”

ಗುರುಗಳು ಹೇಳಿದರು: “ವೈದ್ಯನ ಜಗಲಿಯಿಂದ ಅವಳ ಮನೆಯ ಬಾಗಿಲಿಗೆ ನಲವತ್ತು ಹೆಜ್ಜೆ.”